ಅವನ ಕೈಯಲ್ಲಿ ಒಂದು ಗ್ರಾಮೂ ಸಿಕ್ಕಿಲ್ಲ, ಆದರೂ ಹತ್ತು ವರ್ಷವೇ? ಅಮೆರಿಕದ ಮಾದಕವಸ್ತು ಒಳಸಂಚಿನ ಮೊಕದ್ದಮೆಗಳ ಬಗ್ಗೆ

ಪ್ರಶ್ನೆ: ನನ್ನ ಅಕ್ಕನ ಮಗ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಷಾರ್ಲಟ್ ನಗರದಲ್ಲಿದ್ದಾನೆ. ಗ್ರೀನ್ ಕಾರ್ಡ್ ಇದೆ, ಹಿಂದೆ ಯಾವ ಕೇಸೂ ಇಲ್ಲ. ಮನೆ ಹಂಚಿಕೊಂಡಿದ್ದ ಸ್ನೇಹಿತನ ಮಾತಿನಂತೆ ಎರಡು ಸಲ ಅಟ್ಲಾಂಟಾದಿಂದ ಕಾರು ಓಡಿಸಿಕೊಂಡು ಬಂದು ಹಣ ಪಡೆದಿದ್ದಾನೆ. ಈಗ ಹನ್ನೊಂದು ಮಂದಿಯ ಮೇಲೆ ಫೆಡರಲ್ ದೋಷಾರೋಪಣೆಯಾಗಿದ್ದು ಇವನು ಅದರಲ್ಲಿ ಒಂಬತ್ತನೆಯವನು. ಅವನ ಬಳಿ ಯಾವ ಮಾದಕವಸ್ತುವೂ ಸಿಕ್ಕಿಲ್ಲ. ಆದರೂ ಕಾಗದದಲ್ಲಿ 'ಐದು ಕಿಲೋ ಅಥವಾ ಅದಕ್ಕಿಂತ ಹೆಚ್ಚು ಕೊಕೇನ್' ಎಂದಿದೆ, ಕನಿಷ್ಠ ಹತ್ತು ವರ್ಷ ಜೈಲು ಎನ್ನುತ್ತಾರೆ. ಅವನ ವಕೀಲರು ತಪ್ಪೊಪ್ಪಿಗೆಯ ಮಾತೆತ್ತಿದ್ದಾರೆ. ಇದು ಹೇಗೆ ಸಾಧ್ಯ? ಇಲ್ಲಿಂದ ನಾವೇನು ಮಾಡಬಹುದು? (ಓದುಗರೊಬ್ಬರು, ದಾವಣಗೆರೆ)

ಉತ್ತರ: ನಿಮ್ಮ ಮನೆಯವರೆಲ್ಲ ನೆಚ್ಚಿಕೊಂಡಿರುವ 'ಅವನ ಬಳಿ ಏನೂ ಸಿಕ್ಕಿಲ್ಲ' ಎಂಬ ವಾದ ಈ ಕಾನೂನಿನಲ್ಲಿ ಹೆಚ್ಚು ದೂರ ಹೋಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಮೆರಿಕದ ಫೆಡರಲ್, ಅಂದರೆ ಕೇಂದ್ರ ಸರಕಾರದ, ಕಾನೂನಿನಲ್ಲಿ ಒಪ್ಪಂದವೇ ಅಪರಾಧ, ತೂಕವೇ ಶಿಕ್ಷೆ. ಮಾಲು ಯಾರ ಕೈಯಲ್ಲಿತ್ತು ಎಂಬುದಕ್ಕಿಂತ, ಎಷ್ಟು ಮಾಲನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬ ಪ್ರಶ್ನೆಯ ಮೇಲೆ ವರ್ಷಗಳು ನಿರ್ಧಾರವಾಗುತ್ತವೆ. ನಿಮ್ಮ ಹುಡುಗನ ಮಟ್ಟಿಗೆ ನಿಜವಾದ ಹೋರಾಟ ಇರುವುದು ಅಲ್ಲಿಯೇ. ನಾನು ಮೊಕದ್ದಮೆಯ ಕಾಗದಗಳನ್ನು ನೋಡಿಲ್ಲವಾದ್ದರಿಂದ ಇಲ್ಲಿ ಹೇಳುವುದು ಕಾನೂನಿನ ಸಾಮಾನ್ಯ ಚೌಕಟ್ಟನ್ನು ಮಾತ್ರ. ಕೊನೆಯ ಸಲಹೆ ಅವನ ವಕೀಲರದ್ದೇ ಆಗಿರಬೇಕು.

ಫೆಡರಲ್ ಕಾನೂನು ಸಂಹಿತೆಯ 21ನೇ ಶೀರ್ಷಿಕೆಯ 841ನೇ ಕಲಮು ಮಾದಕವಸ್ತುವಿನ ತಯಾರಿಕೆ, ಹಂಚಿಕೆ ಮತ್ತು ಹಂಚುವ ಉದ್ದೇಶದ ಸ್ವಾಧೀನವನ್ನು ಅಪರಾಧವೆನ್ನುತ್ತದೆ. 846ನೇ ಕಲಮು ಅದಕ್ಕಾಗಿ ಸಂಚು ಹೂಡಿದವನಿಗೂ ಮೂಲ ಅಪರಾಧಕ್ಕಿರುವಷ್ಟೇ ಶಿಕ್ಷೆ ಎನ್ನುತ್ತದೆ. ಇತರ ಹಲವು ಒಳಸಂಚುಗಳಲ್ಲಿ, ಸಂಚನ್ನು ಮುಂದುವರಿಸಲು ಯಾರಾದರೂ ಒಂದು ಪ್ರತ್ಯಕ್ಷ ಕೃತ್ಯ ಎಸಗಿರಬೇಕು ಎಂಬ ನಿಯಮವಿದೆ. ಮಾದಕವಸ್ತುವಿನ ಸಂಚಿಗೆ ಅದೂ ಬೇಕಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1994ರ ಶಬಾನಿ ಪ್ರಕರಣದಲ್ಲಿ ಹೇಳಿತು. ಅಂದರೆ ಇಬ್ಬರು ಕೂಡಿ ನಿರ್ಧರಿಸಿದ ಕ್ಷಣದಲ್ಲೇ ಅಪರಾಧ ಪೂರ್ಣಗೊಳ್ಳುತ್ತದೆ. ಮಾದಕವಸ್ತು ನಿಯಂತ್ರಣಕ್ಕಾಗಿ ನಮ್ಮಲ್ಲಿರುವ 1985ರ ಎನ್‌ಡಿಪಿಎಸ್ ಕಾಯಿದೆಯ 29ನೇ ಕಲಮೂ ಸಂಚುಗಾರನಿಗೆ ಮೂಲ ಅಪರಾಧದ ಶಿಕ್ಷೆಯನ್ನೇ ವಿಧಿಸುತ್ತದೆ, ಆದ್ದರಿಂದ ತತ್ವ ನಮಗೆ ತೀರ ಹೊಸದಲ್ಲ. ವ್ಯತ್ಯಾಸವಿರುವುದು ಬಳಕೆಯಲ್ಲಿ. ಇಲ್ಲಿ ಪಂಚನಾಮೆ, ಜಪ್ತಿ, ಪ್ರಯೋಗಾಲಯದ ವರದಿಯ ಸುತ್ತ ಮೊಕದ್ದಮೆ ಬೆಳೆಯುತ್ತದೆ. ಅಲ್ಲಿ ಸಂಚಿನ ಆರೋಪವೇ ಪ್ರಾಸಿಕ್ಯೂಟರನ ಮುಖ್ಯ ಅಸ್ತ್ರ.

ಹಾಗೆಂದು ಪಕ್ಕದಲ್ಲಿ ನಿಂತವರೆಲ್ಲ ಸಂಚುಗಾರರಾಗುವುದಿಲ್ಲ. ಒಂದು ಒಪ್ಪಂದವಿತ್ತು, ಅದು ಆರೋಪಿಗೆ ಗೊತ್ತಿತ್ತು, ಅವನು ತಿಳಿದೇ ಅದರಲ್ಲಿ ಸೇರಿಕೊಂಡ ಎಂಬ ಮೂರನ್ನೂ ಸರಕಾರ ಸಂಶಯಾತೀತವಾಗಿ ಸಾಬೀತು ಮಾಡಬೇಕು. ಒಂದೇ ಮನೆಯಲ್ಲಿ ವಾಸವಿದ್ದ, ಸ್ನೇಹಿತನಾಗಿದ್ದ, ಸ್ಥಳದಲ್ಲಿದ್ದ ಎಂಬಿಷ್ಟೇ ಸಾಲದು. ಒಂದೆರಡು ಸಲ ಕೊಂಡವನೂ ಮಾರಿದವನೂ ಆ ವ್ಯವಹಾರದಿಂದ ಮಾತ್ರವೇ ಸಂಚುಗಾರರಾಗುವುದಿಲ್ಲ. ಎದುರಿಗಿದ್ದವನು ವೇಷ ಮರೆಸಿದ ಪೊಲೀಸ್ ಏಜೆಂಟನೊಬ್ಬನೇ ಆಗಿದ್ದರೆ ಅವನ ಜೊತೆಗಿನ 'ಒಪ್ಪಂದ' ಒಪ್ಪಂದವೇ ಅಲ್ಲ, ಏಕೆಂದರೆ ಸಂಚಿಗೆ ಅಪರಾಧದ ಮನಸ್ಸುಳ್ಳ ಇಬ್ಬರಾದರೂ ಬೇಕು.

ಆದರೆ ಗೊತ್ತಿರಬೇಕಾದದ್ದು ಎಷ್ಟು ಎಂಬುದನ್ನು ಗಮನಿಸಿ. ಉಳಿದ ಹತ್ತು ಮಂದಿಯ ಹೆಸರು ಇವನಿಗೆ ತಿಳಿದಿರಬೇಕಿಲ್ಲ. ಕಾರಿನಲ್ಲಿದ್ದದ್ದು ಕೊಕೇನೋ ಹೆರಾಯಿನೋ ಎಂಬುದೂ ತಿಳಿದಿರಬೇಕಿಲ್ಲ. ನಿಷೇಧಿತ ಮಾದಕವಸ್ತು ಎಂದು ತಿಳಿದಿದ್ದರೆ ಸಾಕು. 'ನಾನು ಕೇಳಲೇ ಇಲ್ಲ' ಎಂಬ ಸಮಜಾಯಿಷಿಯನ್ನು ತಡೆಯಲು, ಅನುಮಾನ ಬಲವಾಗಿದ್ದರೂ ಬೇಕೆಂದೇ ಕಣ್ಣು ಮುಚ್ಚಿಕೊಂಡವನನ್ನು ತಿಳಿದವನೆಂದೇ ಪರಿಗಣಿಸಬಹುದು ಎಂದು ನ್ಯಾಯಾಧೀಶರು ಜ್ಯೂರಿಗೆ ಸೂಚನೆ ಕೊಡುವ ಪದ್ಧತಿಯಿದೆ. ಸುಮ್ಮನೆ ಕಾರು ಓಡಿಸಿಕೊಂಡು ಬರುವುದಕ್ಕೆ ಪೆಟ್ರೋಲಿನ ಖರ್ಚಿಗಿಂತ ಹತ್ತಾರು ಪಟ್ಟು ಹಣ ಏಕೆ ಕೊಟ್ಟರು ಎಂಬ ಪ್ರಶ್ನೆಗೆ ಜ್ಯೂರಿಯ ಹನ್ನೆರಡು ಮಂದಿ ತಮ್ಮ ಸಾಮಾನ್ಯ ಜ್ಞಾನದಿಂದಲೇ ಉತ್ತರ ಹುಡುಕುತ್ತಾರೆ. ಫೋನಿನ ಸಂದೇಶಗಳು, ಮೊಬೈಲ್ ಟವರಿನ ದಾಖಲೆ, ಹಣ ವರ್ಗಾವಣೆಯ ವಿವರ ಎಲ್ಲವೂ ಈ ಒಂದು ಅಂಶದ ಕಡೆಗೇ ಬೊಟ್ಟು ಮಾಡುತ್ತವೆ. ಇದರ ಮೇಲೆ, ಸಂಚು ನಡೆಯುತ್ತಿದ್ದಾಗ ಸಂಚಿನ ಸಲುವಾಗಿ ಒಬ್ಬ ಆಡಿದ ಮಾತನ್ನು ಉಳಿದವರ ವಿರುದ್ಧವೂ ಸಾಕ್ಷ್ಯವಾಗಿ ಬಳಸಬಹುದು. 1987ರ ಬೂರ್‌ಜೇಲಿ ತೀರ್ಪು ಈ ಬಾಗಿಲನ್ನು ಇನ್ನಷ್ಟು ಅಗಲವಾಗಿಸಿತು. ನಿಮ್ಮ ಹುಡುಗನಿಗೆ ಗೊತ್ತೇ ಇಲ್ಲದೆ ಇಬ್ಬರು ಫೋನಿನಲ್ಲಿ ಅವನ ಬಗ್ಗೆ ಆಡಿದ ಮಾತು ಅವನ ವಿಚಾರಣೆಯಲ್ಲಿ ಕೇಳಿಬರಬಹುದು.

ಒಂಬತ್ತನೆಯವನಿಗೂ ಮೊದಲನೆಯವನ ಶಿಕ್ಷೆ ಏಕೆ ಎಂದು ತಿಳಿಯಲು ಸ್ವಲ್ಪ ಇತಿಹಾಸ ಬೇಕು. 1986ರ ಜೂನಿನಲ್ಲಿ ಲೆನ್ ಬಯಾಸ್ ಎಂಬ ಯುವ ಬ್ಯಾಸ್ಕೆಟ್‌ಬಾಲ್ ಆಟಗಾರ, ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ ಆಯ್ಕೆಯಾದ ಎರಡೇ ದಿನಕ್ಕೆ ಕೊಕೇನ್ ಸೇವನೆಯಿಂದ ಸತ್ತ. ಚುನಾವಣೆಯ ವರ್ಷ, ಜನರ ಆಕ್ರೋಶ ಸಂಸತ್ತಿಗೆ ಮುಟ್ಟಿತು. ಅಕ್ಟೋಬರ್ ಮುಗಿಯುವುದರೊಳಗೆ ಮಾದಕವಸ್ತು ದುರ್ಬಳಕೆ ವಿರೋಧಿ ಕಾಯಿದೆ ಜಾರಿಗೆ ಬಂದು, ತೂಕಕ್ಕೆ ತಕ್ಕಂತೆ ಐದು ಮತ್ತು ಹತ್ತು ವರ್ಷಗಳ ಕಡ್ಡಾಯ ಕನಿಷ್ಠ ಶಿಕ್ಷೆಗಳು ಹುಟ್ಟಿಕೊಂಡವು. ಹತ್ತು ವರ್ಷ ಜಾಲದ ದೊರೆಗಳಿಗೆ, ಐದು ವರ್ಷ ಮಧ್ಯಮ ಹಂತದ ಮೇಲ್ವಿಚಾರಕರಿಗೆ ಎಂಬುದು ಆಗಿನ ಕಲ್ಪನೆ. ತೂಕ ಹೆಚ್ಚಿದ್ದರೆ ಆಸಾಮಿ ದೊಡ್ಡವನೇ ಇರಬೇಕು ಎಂಬ ಎಣಿಕೆ ಅದರ ಹಿಂದಿತ್ತು. ಎರಡು ವರ್ಷದ ನಂತರ, 1988ರಲ್ಲಿ, 846ನೇ ಕಲಮಿಗೆ ಬಂದ ಒಂದು ಸಣ್ಣ ತಿದ್ದುಪಡಿ ಅದೇ ಕನಿಷ್ಠ ಶಿಕ್ಷೆಯನ್ನು ಸಂಚಿಗೂ ಅಂಟಿಸಿತು. ಅಲ್ಲಿಗೆ ಆ ಎಣಿಕೆಯೇ ಕುಸಿಯಿತು. ದೊರೆಗೆ ಅಳೆದ ತೂಕದಿಂದಲೇ ಅವನ ಡ್ರೈವರನನ್ನೂ, ಬಾಗಿಲು ಕಾಯುವವನನ್ನೂ, ಫೋನ್ ಎತ್ತಿಕೊಟ್ಟ ಗೆಳತಿಯನ್ನೂ ಅಳೆಯತೊಡಗಿದರು. ನನ್ನ ಅಭಿಪ್ರಾಯದಲ್ಲಿ ಈ ಕಾನೂನಿನ ಅತಿ ದೊಡ್ಡ ಅನ್ಯಾಯ ಇರುವುದು ಶಿಕ್ಷೆಯ ಕಠೋರತೆಯಲ್ಲಿ ಅಲ್ಲ, ಈ ಅಳತೆಗೋಲಿನಲ್ಲಿ.

ಅಳತೆಗೋಲು ಹೀಗಿದೆ. ಕೊಕೇನ್ ಪುಡಿ 500 ಗ್ರಾಂ ಮುಟ್ಟಿದರೆ ಕನಿಷ್ಠ ಐದು ವರ್ಷ, ಗರಿಷ್ಠ ನಲವತ್ತು. ಐದು ಕಿಲೋ ಮುಟ್ಟಿದರೆ ಕನಿಷ್ಠ ಹತ್ತು, ಗರಿಷ್ಠ ಆಜೀವ. ಹೆರಾಯಿನ್‌ಗೆ ಈ ಗಡಿಗಳು 100 ಗ್ರಾಂ ಮತ್ತು ಒಂದು ಕಿಲೋ. ಫೆಂಟನಿಲ್‌ಗೆ 40 ಮತ್ತು 400 ಗ್ರಾಂ. ತೂಕ ಇದಕ್ಕಿಂತ ಕಡಿಮೆಯಿದ್ದರೆ, ಅಥವಾ ಆರೋಪದಲ್ಲಿ ತೂಕವನ್ನೇ ಹೇಳದಿದ್ದರೆ, ಕೊಕೇನ್‌ನಂಥ ವಸ್ತುವಿಗೆ ಕನಿಷ್ಠ ಶಿಕ್ಷೆ ಎಂಬುದಿಲ್ಲ, ಗರಿಷ್ಠ ಇಪ್ಪತ್ತು ವರ್ಷ. ಅಳೆಯುವುದು ಶುದ್ಧ ಕೊಕೇನನ್ನಲ್ಲ, ಬೆರಕೆ ಸಮೇತ ಇಡೀ ಮಿಶ್ರಣವನ್ನು. ಎಲ್‌ಎಸ್‌ಡಿ ಹೀರಿಕೊಂಡ ಕಾಗದದ ತೂಕವನ್ನೂ ಸೇರಿಸಬೇಕೆಂದು 1991ರ ಚಾಪ್ಮನ್ ಪ್ರಕರಣದಲ್ಲಿ ತೀರ್ಪಾಯಿತು. ನಮ್ಮ ಸುಪ್ರೀಂ ಕೋರ್ಟ್ ಕೂಡ 2020ರ ಹೀರಾ ಸಿಂಗ್ ತೀರ್ಪಿನಲ್ಲಿ ಇದೇ ದಾರಿ ಹಿಡಿದು, ವಾಣಿಜ್ಯ ಪ್ರಮಾಣವನ್ನು ಇಡೀ ಮಿಶ್ರಣದ ತೂಕದಿಂದಲೇ ಲೆಕ್ಕ ಹಾಕಬೇಕೆಂದಿತು.

ಇನ್ನೊಂದು ಸಂಗತಿ ಊರಿನವರಿಗೆ ನಂಬುವುದೇ ಕಷ್ಟ. ಈ ಐದು ಕಿಲೋ ಎಲ್ಲಿಯೂ ಜಪ್ತಿಯಾಗಿರಬೇಕಿಲ್ಲ. ಅಲ್ಲಿನ ವಕೀಲರ ಆಡುಮಾತಿನಲ್ಲಿ ಇದಕ್ಕೆ 'ಘೋಸ್ಟ್ ಡೋಪ್' ಎನ್ನುತ್ತಾರೆ. ಯಾರೂ ತೂಗದ, ಪ್ರಯೋಗಾಲಯ ಕಾಣದ, ಕೇವಲ ಸಾಕ್ಷಿಯ ಬಾಯಲ್ಲಿರುವ ಮಾಲು. ನಮ್ಮಲ್ಲಿ ಮಾಫಿ ಸಾಕ್ಷಿ ಎನ್ನುತ್ತೇವಲ್ಲ, ಅಂಥವನೊಬ್ಬ ಮುಂದೆ ಬಂದು 'ಎಂಟು ತಿಂಗಳ ಕಾಲ ತಿಂಗಳಿಗೆ ಒಂದು ಕಿಲೋದಂತೆ ತರುತ್ತಿದ್ದೆವು' ಎಂದರೆ ಲೆಕ್ಕ ಎಂಟು ಕಿಲೋ ಆಯಿತು. ಆ ಸಾಕ್ಷಿಗೆ ತನ್ನ ಶಿಕ್ಷೆ ಇಳಿಸಿಕೊಳ್ಳುವ ಆಸೆಯಿದೆ ಎಂಬುದನ್ನು ಪಾಟಿ ಸವಾಲಿನಲ್ಲಿ ಎತ್ತಿ ತೋರಿಸಬಹುದು. ಆದರೆ ಜ್ಯೂರಿಯೋ ನ್ಯಾಯಾಧೀಶರೋ ಅವನನ್ನು ನಂಬಿದರೆ ಮೇಲ್ಮನವಿಯಲ್ಲಿ ಅದನ್ನು ಅಳಿಸುವುದು ಬಹಳ ಕಷ್ಟ.

ಈಗ ಮುಖ್ಯ ವಿಷಯಕ್ಕೆ ಬರೋಣ. ತೂಕದ ಪ್ರಶ್ನೆ ಎರಡು ಬೇರೆ ಬೇರೆ ಕಡೆ ಏಳುತ್ತದೆ. ಈ ಎರಡನ್ನೂ ಬೆರೆಸಿಕೊಂಡರೆ ವಕೀಲರ ಮಾತು ಅರ್ಥವಾಗುವುದಿಲ್ಲ.

ಮೊದಲನೆಯದು ಕಡ್ಡಾಯ ಕನಿಷ್ಠ ಶಿಕ್ಷೆಯ ಪ್ರಶ್ನೆ. 2000ದ ಅಪ್ರೆಂಡಿ ಮತ್ತು 2013ರ ಅಲೇನ್ ತೀರ್ಪುಗಳ ನಂತರ, ಗರಿಷ್ಠವನ್ನು ಏರಿಸುವ ಅಥವಾ ಕನಿಷ್ಠವನ್ನು ತಂದೊಡ್ಡುವ ತೂಕವನ್ನು ಆರೋಪದಲ್ಲಿ ಹೇಳಿರಬೇಕು, ಮತ್ತು ಆರೋಪಿ ತಾನೇ ಒಪ್ಪಿಕೊಳ್ಳದಿದ್ದರೆ ಜ್ಯೂರಿ ಸಂಶಯಾತೀತವಾಗಿ ನಿರ್ಣಯಿಸಬೇಕು. ಯಾರ ತೂಕ, ಇಡೀ ಸಂಚಿನದೋ ಈ ಒಬ್ಬನದೋ ಎಂಬಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯಗಳು ಒಂದೇ ದನಿಯಲ್ಲಿ ಮಾತನಾಡುತ್ತಿಲ್ಲ. ಕೆಲವು ಸರ್ಕಿಟ್‌ಗಳಲ್ಲಿ (ಒಂದೊಂದು ಮೇಲ್ಮನವಿ ನ್ಯಾಯಾಲಯದ ವ್ಯಾಪ್ತಿಯ ಪ್ರದೇಶಕ್ಕೆ ಸರ್ಕಿಟ್ ಎನ್ನುತ್ತಾರೆ) ಇಡೀ ಸಂಚಿನ ತೂಕ ಗಡಿ ದಾಟಿದರೆ ಸಾಕು. ನಾರ್ತ್ ಕೆರೊಲಿನಾ ಸೇರಿರುವ ನಾಲ್ಕನೇ ಸರ್ಕಿಟ್ ಮಾತ್ರ 2005ರ ಕಾಲಿನ್ಸ್ ಪ್ರಕರಣದಿಂದಲೂ, ಜ್ಯೂರಿ ಪ್ರತಿಯೊಬ್ಬ ಆರೋಪಿಯ ಪಾಲಿಗೆ ಸಲ್ಲುವ ತೂಕವನ್ನು ಬೇರೆಯಾಗಿಯೇ ನಿರ್ಧರಿಸಬೇಕು ಎನ್ನುತ್ತಾ ಬಂದಿದೆ: ಅವನು ಸ್ವತಃ ಮುಟ್ಟಿದ್ದು, ಜೊತೆಗೆ ಸಂಚಿನ ಸಲುವಾಗಿ ಇತರರು ನಡೆಸಿದ ವ್ಯವಹಾರದಲ್ಲಿ ಅವನಿಗೆ ಸಹಜವಾಗಿ ಊಹಿಸಬಹುದಾಗಿದ್ದಷ್ಟು. ಇದು ನಿಮ್ಮವರಿಗೆ ಭೂಗೋಳ ತಂದುಕೊಟ್ಟ ಅದೃಷ್ಟ. ಅವರ ವಕೀಲರಿಗೆ ಇದು ತಿಳಿದೇ ಇರುತ್ತದೆ. ನೀವು ಕೇಳಬೇಕಾದ ಪ್ರಶ್ನೆ 'ಅವನ ಪಾಲಿಗೆ ಐದು ಕಿಲೋ ಎಂದು ತೋರಿಸಲು ಸರಕಾರದ ಬಳಿ ಏನಿದೆ?' ಎಂಬುದು.

ಎರಡನೆಯದು ಶಿಕ್ಷಾ ಮಾರ್ಗಸೂಚಿಯ, ಅಂದರೆ ತೂಕ, ಪಾತ್ರ ಮುಂತಾದವನ್ನು ಹಂತಗಳಲ್ಲಿ ಎಣಿಸಿ ಎಷ್ಟು ತಿಂಗಳ ಶಿಕ್ಷೆ ಎಂದು ಸೂಚಿಸುವ ನಿಯಮಾವಳಿಯ, ಲೆಕ್ಕ. ಇದು ನ್ಯಾಯಾಧೀಶರ ಕೈಯಲ್ಲಿದೆ, ಮತ್ತು ಇಲ್ಲಿ ಪುರಾವೆಯ ಮಟ್ಟ ಬಹಳ ಕೆಳಗಿದೆ: ಆಗಿಲ್ಲದಿರುವುದಕ್ಕಿಂತ ಆಗಿರುವ ಸಂಭವವೇ ಹೆಚ್ಚು ಎನಿಸಿದರೆ ಸಾಕು. ಹಲವರು ಕೂಡಿ ನಡೆಸಿದ ಅಪರಾಧದಲ್ಲಿ ಇತರರ ತೂಕ ಒಬ್ಬನ ಲೆಕ್ಕಕ್ಕೆ ಸೇರಬೇಕಾದರೆ ಅದು ಅವನು ಒಪ್ಪಿಕೊಂಡ ಕೆಲಸದ ವ್ಯಾಪ್ತಿಯೊಳಗೆ ಇರಬೇಕು, ಆ ಕೆಲಸವನ್ನು ಮುಂದುವರಿಸಲು ನಡೆದದ್ದಾಗಿರಬೇಕು, ಅವನಿಗೆ ಊಹಿಸಬಹುದಾದದ್ದಾಗಿರಬೇಕು. ಮೂರೂ ಒಟ್ಟಿಗೆ ಇರಬೇಕು. ಪ್ರಾಸಿಕ್ಯೂಟರುಗಳು ಮೂರನೆಯದನ್ನೇ ಒತ್ತಿ ಹೇಳಿ ಮೊದಲನೆಯದನ್ನು ಹಾಯಿಸಿಬಿಡುವುದುಂಟು. ಆದರೆ ಚಿಕ್ಕ ಪಾತ್ರದವನಿಗೆ ರಕ್ಷಣೆ ಇರುವುದು ಆ ಮೊದಲ ಮಾತಿನಲ್ಲಿ. ಎರಡು ಪ್ರಯಾಣಕ್ಕೆ ಒಪ್ಪಿಕೊಂಡವನು, ಆ ಗುಂಪು ವರ್ಷವಿಡೀ ತರುತ್ತಿತ್ತೆಂದು ಊಹಿಸಬಲ್ಲವನಾಗಿದ್ದರೂ, ವರ್ಷವಿಡೀ ತಂದದ್ದಕ್ಕೆ ಒಪ್ಪಿಕೊಂಡವನಲ್ಲ. ಅವನು ಸೇರುವ ಮುನ್ನ ನಡೆದ ವ್ಯವಹಾರವನ್ನು, ಅದು ಅವನಿಗೆ ತಿಳಿದಿದ್ದರೂ ಸಹ, ಅವನ ಲೆಕ್ಕಕ್ಕೆ ಹಾಕಬಾರದೆಂದು ಮಾರ್ಗಸೂಚಿಯ ವ್ಯಾಖ್ಯೆಯಲ್ಲೇ ಇದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಬಾರದು ಎಂಬ ವಿವೇಕ ಈ ಸಾಲುಗಳಲ್ಲಿ ಇದೆ, ಆದರೆ ಅದನ್ನು ಕೇಳಿ ಪಡೆಯಬೇಕು. ಮತ್ತೊಂದು ಮುಖ್ಯ ತಿದ್ದುಪಡಿ 2024ರ ನವೆಂಬರ್ 1ರಿಂದ ಜಾರಿಯಲ್ಲಿದೆ: ಫೆಡರಲ್ ನ್ಯಾಯಾಲಯದಲ್ಲಿ ಖುಲಾಸೆಯಾದ ಆರೋಪದ ನಡವಳಿಕೆಯನ್ನು ಹಿಂಬಾಗಿಲಿನಿಂದ ಮಾರ್ಗಸೂಚಿಯ ಲೆಕ್ಕಕ್ಕೆ ತರುವಂತಿಲ್ಲ. ಅದಕ್ಕೆ ಮುಂಚೆ ತರುತ್ತಿದ್ದರು.

ಲೆಕ್ಕ ಕಣ್ಣಿಗೆ ಕಾಣುವಂತೆ ಒಂದು ಉದಾಹರಣೆ ಮಾಡಿ ನೋಡೋಣ. ಐದರಿಂದ ಹದಿನೈದು ಕಿಲೋವರೆಗಿನ ಕೊಕೇನ್‌ಗೆ ಮಾರ್ಗಸೂಚಿಯಲ್ಲಿ 30ನೇ ಹಂತ. ಹಿಂದಿನ ಅಪರಾಧವಿಲ್ಲದವನಿಗೆ ಆ ಹಂತದಲ್ಲಿ 97ರಿಂದ 121 ತಿಂಗಳು. ತಪ್ಪೊಪ್ಪಿಕೊಂಡು ಹೊಣೆ ಹೊತ್ತರೆ ಮೂರು ಹಂತ ಇಳಿದು 27 ಆಗುತ್ತದೆ, ಅಂದರೆ 70ರಿಂದ 87 ತಿಂಗಳು. ಆದರೆ ಕಾಯಿದೆಯ ಕನಿಷ್ಠ 120 ತಿಂಗಳು ಹಾಗೆಯೇ ನಿಂತಿರುತ್ತದೆ. ಮಾರ್ಗಸೂಚಿ ಎಷ್ಟೇ ಕೆಳಗಿಳಿದರೂ ನ್ಯಾಯಾಧೀಶರ ಕೈ ಕಟ್ಟಿದೆ. ಆ ಕಟ್ಟು ಬಿಚ್ಚಿದರೆ ಚಿತ್ರವೇ ಬದಲಾಗುತ್ತದೆ. ಸೇಫ್ಟಿ ವಾಲ್ವ್ ಎಂಬ ವಿನಾಯಿತಿಗೆ ಎರಡು ಹಂತ, ಚಿಕ್ಕ ಪಾತ್ರಕ್ಕೆ ಎರಡು, ತಪ್ಪೊಪ್ಪಿಗೆಗೆ ಮೂರು, ಹಿಂದಿನ ದಾಖಲೆ ಪೂರ್ತಿ ಸ್ವಚ್ಛವಿದ್ದವನಿಗೆ 2023ರಲ್ಲಿ ಬಂದ ಎರಡು ಹಂತದ ರಿಯಾಯಿತಿ, ಇವೆಲ್ಲವೂ ದೊರೆತರೆ 30 ಇಳಿದು 21 ಆಗುತ್ತದೆ. ಆಗ 37ರಿಂದ 46 ತಿಂಗಳು. ಎಲ್ಲವೂ ದೊರೆಯುತ್ತದೆಂದು ನಾನು ಹೇಳುತ್ತಿಲ್ಲ; ಒಂದೇ ಆರೋಪ, ಒಂದೇ ತೂಕ, ಹತ್ತು ವರ್ಷಕ್ಕೂ ಮೂರು ವರ್ಷಕ್ಕೂ ನಡುವಿನ ಅಂತರ ಎಲ್ಲಿ ಹುಟ್ಟುತ್ತದೆ ಎಂದು ತೋರಿಸುತ್ತಿದ್ದೇನೆ. ತೂಕವೇ ಎರಡೂವರೆ ಕಿಲೋಗೆ ಇಳಿದರೆ ಆರಂಭದ ಹಂತವೇ 26. ಇದಲ್ಲದೆ, 2005ರ ಬೂಕರ್ ತೀರ್ಪಿನಿಂದ ಮಾರ್ಗಸೂಚಿಗಳು ಸಲಹಾತ್ಮಕ ಮಾತ್ರ. ಕಡ್ಡಾಯ ಕನಿಷ್ಠದ ಕಟ್ಟು ಇಲ್ಲದ ಕಡೆ ನ್ಯಾಯಾಧೀಶರು ಆರೋಪಿಯ ವಯಸ್ಸು, ಬದುಕು, ಪಾತ್ರ ನೋಡಿ ಇನ್ನೂ ಕೆಳಗೆ ಹೋಗಬಹುದು, ಮೇಲಕ್ಕೂ ಹೋಗಬಹುದು.

ಆ ಕಟ್ಟು ಬಿಚ್ಚುವ ದಾರಿಗಳು ಎರಡೇ. 1994ರಲ್ಲಿ ಬಂದ ಸೇಫ್ಟಿ ವಾಲ್ವ್ ಮೊದಲನೆಯದು. ಹಿಂದಿನ ಶಿಕ್ಷೆಗಳು ಮಿತಿಯೊಳಗಿರಬೇಕು. ಹಿಂಸೆಯಾಗಲಿ ಬಂದೂಕಾಗಲಿ ಇರಬಾರದು. ಸಾವು ಅಥವಾ ಗಂಭೀರ ಗಾಯ ಆಗಿರಬಾರದು. ಅವನು ನಾಯಕನೋ ಸಂಘಟಕನೋ ಆಗಿರಬಾರದು. ಶಿಕ್ಷೆ ವಿಧಿಸುವ ಹೊತ್ತಿಗೆ ತನಗೆ ತಿಳಿದದ್ದನ್ನೆಲ್ಲ ಸರಕಾರಕ್ಕೆ ಸತ್ಯವಾಗಿ ಹೇಳಿರಬೇಕು. ಹಿಂದಿನ ದಾಖಲೆಯ ಷರತ್ತನ್ನು 2018ರ ಫಸ್ಟ್ ಸ್ಟೆಪ್ ಕಾಯಿದೆ ಸಡಿಲಿಸಿತು, 2024ರ ಪಲ್ಸಿಫರ್ ತೀರ್ಪು ಆ ಸಡಿಲಿಕೆಯನ್ನು ಕಿರಿದಾಗಿ ಓದಿತು. ನಿಮ್ಮ ಹುಡುಗನಿಗೆ ಹಿಂದಿನ ಕೇಸೇ ಇಲ್ಲವಾದ್ದರಿಂದ ಆ ವಿವಾದ ಅವನನ್ನು ಮುಟ್ಟುವುದಿಲ್ಲ. ಅವನಿಗೆ ಕಷ್ಟವಾಗುವುದು ಕೊನೆಯ ಷರತ್ತು. ಅರ್ಧ ಸತ್ಯ ಇಲ್ಲಿ ನಡೆಯುವುದಿಲ್ಲ. ಸ್ನೇಹಿತನನ್ನು ಕಾಪಾಡಲು ಒಂದು ಹೆಸರನ್ನು ಬಿಟ್ಟರೆ ವಿನಾಯಿತಿಯೇ ಕೈತಪ್ಪುತ್ತದೆ. ಹಾಗಿದ್ದರೂ ಅವನು ಹೇಳಿದ್ದು ಸರಕಾರಕ್ಕೆ ಉಪಯೋಗವಾಗಲೇಬೇಕೆಂದಿಲ್ಲ, ಅವನು ಯಾರ ವಿರುದ್ಧವೂ ಸಾಕ್ಷಿಕಟ್ಟೆ ಏರಬೇಕೆಂದೂ ಇಲ್ಲ, ಮತ್ತು ಈ ವಿನಾಯಿತಿಗೆ ಪ್ರಾಸಿಕ್ಯೂಟರನ ಒಪ್ಪಿಗೆ ಬೇಕಿಲ್ಲ. ಅರ್ಹತೆಯನ್ನು ತೀರ್ಮಾನಿಸುವವರು ನ್ಯಾಯಾಧೀಶರು.

ಎರಡನೆಯದು 'ಗಣನೀಯ ಸಹಾಯ'. ಇತರರ ತನಿಖೆಗೂ ಶಿಕ್ಷೆಗೂ ನೆರವಾದರೆ ಸರಕಾರ ಅರ್ಜಿ ಹಾಕಿ ಕನಿಷ್ಠಕ್ಕಿಂತ ಕೆಳಗಿಳಿಯಲು ಕೇಳಬಹುದು. ಶಿಕ್ಷೆಯಾದ ಮೇಲೂ ಫೆಡರಲ್ ಅಪರಾಧ ಪ್ರಕ್ರಿಯಾ ನಿಯಮಾವಳಿಯ 35ನೇ ನಿಯಮದಡಿ ಕೇಳಬಹುದು. ಇಲ್ಲಿ ಬೀಗದ ಕೈ ಪೂರ್ತಿ ಪ್ರಾಸಿಕ್ಯೂಟರನ ಬಳಿ ಇದೆ. ಧರ್ಮ ಅಥವಾ ಜನಾಂಗದಂಥ ಅಸಾಂವಿಧಾನಿಕ ಕಾರಣ ತೋರಿಸಿದ ಹೊರತು, ಅವರು ಅರ್ಜಿ ಹಾಕದಿದ್ದರೆ ನ್ಯಾಯಾಲಯ ಬಲವಂತ ಮಾಡುವಂತಿಲ್ಲ ಎಂದು 1992ರ ವೇಡ್ ತೀರ್ಪು ಹೇಳುತ್ತದೆ. ಇದರ ವಿಪರ್ಯಾಸವೂ ಹೊಸದಲ್ಲ: ಜಾಲದ ಮೇಲಿನವರಿಗೆ ಹೇಳಲು ಬೇಕಾದಷ್ಟು ಇರುತ್ತದೆ, ಕೆಳಗಿನವನಿಗೆ ಮಾರಲು ಮಾಹಿತಿಯೇ ಇರುವುದಿಲ್ಲ. ಈ ಮಾತುಕತೆಗೆ ಮುಂಚೆ ಸಹಿ ಹಾಕಿಸುವ ಪತ್ರಕ್ಕೆ ವಕೀಲರು 'ಕ್ವೀನ್ ಫಾರ್ ಎ ಡೇ' (ಒಂದು ದಿನದ ರಾಣಿ) ಎಂಬ ಅಡ್ಡ ಹೆಸರಿಟ್ಟಿದ್ದಾರೆ. ಅದು ಕೊಡುವ ರಕ್ಷಣೆ ಹೆಸರು ಸೂಚಿಸುವಷ್ಟು ರಾಜೋಚಿತವಲ್ಲ. ಮುಂದೆ ಅವನು ಬೇರೆ ಮಾತು ಹೇಳಿದರೆ ಅಂದಿನ ಹೇಳಿಕೆಯನ್ನು ತೆಗೆದು ತೋರಿಸಬಹುದು. ವಕೀಲರು ಪಕ್ಕದಲ್ಲಿಲ್ಲದೆ ಒಂದು ಮಾತನ್ನೂ ಆಡಬಾರದು.

ವಕೀಲರು ತಪ್ಪೊಪ್ಪಿಗೆಯ ಮಾತೆತ್ತಿದ್ದಕ್ಕೆ ಅವರ ಮೇಲೆ ಅನುಮಾನ ಬೇಡ. ಫೆಡರಲ್ ನ್ಯಾಯಾಲಯಗಳಲ್ಲಿ ಶಿಕ್ಷೆಗೊಳಗಾಗುವವರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ತಪ್ಪೊಪ್ಪಿಕೊಂಡವರೇ. ವಿಚಾರಣೆಗೆ ಹೋಗಿ ಸೋತರೆ ಸಾಮಾನ್ಯವಾಗಿ ಆ ಮೂರು ಹಂತದ ರಿಯಾಯಿತಿ ಹೋಗುತ್ತದೆ, ಆರೋಪ ಇಳಿಸುವ ಅವಕಾಶವೂ ಹೋಗುತ್ತದೆ. ಆದರೆ ತಪ್ಪೊಪ್ಪಿಗೆ ಯಾವುದಕ್ಕೆ ಎಂಬುದೇ ಎಲ್ಲ. ಐದು ಕಿಲೋದ ಆರೋಪಕ್ಕೆ ಹಾಗೇ ತಲೆಯಾಡಿಸುವುದಕ್ಕೂ, 500 ಗ್ರಾಮಿನ ಅಥವಾ ತೂಕ ನಮೂದಿಸದ ಆರೋಪಕ್ಕೆ ಒಪ್ಪಿಕೊಳ್ಳುವುದಕ್ಕೂ ಅಜಗಜಾಂತರ. ಪ್ರಾಸಿಕ್ಯೂಟರುಗಳು ಇದಕ್ಕೆ ಎಷ್ಟು ಸಿದ್ಧರಿರುತ್ತಾರೆ ಎಂಬುದು ವಾಷಿಂಗ್ಟನ್ನಿನ ನೀತಿಯನ್ನೂ ಅವಲಂಬಿಸಿದೆ. 2013ರಲ್ಲಿ ಅಲ್ಲಿನ ನ್ಯಾಯ ಇಲಾಖೆಯ ಮುಖ್ಯಸ್ಥ, ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ಚಿಕ್ಕ ಪಾತ್ರದವರ ಮೇಲೆ ಕಡ್ಡಾಯ ಕನಿಷ್ಠ ತರುವ ತೂಕವನ್ನು ಆರೋಪಿಸಬೇಡಿ ಎಂದರು. 2017ರಲ್ಲಿ ಅದೇ ಹುದ್ದೆಯಲ್ಲಿದ್ದ ಜೆಫ್ ಸೆಷನ್ಸ್ ಅದನ್ನು ತಿರುಗಿಸಿದರು. 2022ರಲ್ಲಿ ಮೆರಿಕ್ ಗಾರ್ಲೆಂಡ್ ಮತ್ತೆ ಹಳೆಯ ದಾರಿಗೆ ತಂದರು. 2025ರಲ್ಲಿ ಗಾಳಿ ಪುನಃ ಕಠಿಣ ದಿಕ್ಕಿಗೆ ತಿರುಗಿತು. ಒಂದೇ ಕಾಯಿದೆಯಡಿ ಒಂದೇ ಕೃತ್ಯಕ್ಕೆ ಇಷ್ಟು ಬಗೆಯ ಆರೋಪಗಳು ಸಾಧ್ಯವಿರುವ ವ್ಯವಸ್ಥೆಯಲ್ಲಿ ಶಿಕ್ಷೆಯನ್ನು ನಿಜಕ್ಕೂ ಯಾರು ವಿಧಿಸುತ್ತಾರೆ ಎಂಬ ಪ್ರಶ್ನೆ ಸಹಜ.

ಜಾಮೀನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತು ವರ್ಷ ಅಥವಾ ಹೆಚ್ಚಿನ ಗರಿಷ್ಠ ಶಿಕ್ಷೆಯ ಮಾದಕವಸ್ತು ಆರೋಪದಲ್ಲಿ ಬಂಧನದಲ್ಲಿಡುವುದೇ ಸೂಕ್ತ ಎಂಬ ಪೂರ್ವಭಾವನೆಯಿಂದ ನ್ಯಾಯಾಲಯ ಆರಂಭಿಸುತ್ತದೆ. ನಮ್ಮ ಎನ್‌ಡಿಪಿಎಸ್‌ನ 37ನೇ ಕಲಮಿನಷ್ಟು ಬಿಗಿಯಲ್ಲ, ಸಡಿಲವೂ ಅಲ್ಲ. ವಿದೇಶಿ ಪಾಸ್‌ಪೋರ್ಟ್ ಇದ್ದರೆ ಓಡಿಹೋಗುವ ಭಯ ಎಂಬ ವಾದ ಬಂದೇ ಬರುತ್ತದೆ.

ವಲಸೆಯ ವಿಷಯವನ್ನು ಮಾತ್ರ ವಿವರವಾಗಿ ಹೇಳಲೇಬೇಕು, ಏಕೆಂದರೆ ಗ್ರೀನ್ ಕಾರ್ಡ್ ಇರುವವರು ಅದನ್ನು ಪೌರತ್ವದಷ್ಟೇ ಭದ್ರವೆಂದು ತಿಳಿದಿರುತ್ತಾರೆ. ಮಾದಕವಸ್ತು ಸಾಗಣೆ, ಅದರ ಸಂಚೂ ಸೇರಿ, ಅಲ್ಲಿನ ವಲಸೆ ಕಾನೂನಿನಲ್ಲಿ 'ಉಲ್ಬಣಗೊಂಡ ಘೋರ ಅಪರಾಧ'. ತೂಕ ಎಷ್ಟು, ಶಿಕ್ಷೆ ಎಷ್ಟು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಖಾಯಂ ನಿವಾಸಿಗಳಿಗೆ ಗಡೀಪಾರು ರದ್ದು ಮಾಡುವ ವಿವೇಚನಾಧಿಕಾರವಿದೆಯಲ್ಲ, ಅದೂ ಇಂಥ ಅಪರಾಧಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ಹತ್ತು ವರ್ಷದ ಬದಲು ಮೂರು ವರ್ಷಕ್ಕೆ ಒಪ್ಪಂದವಾದರೂ ಜೈಲಿನಿಂದ ಹೊರಬಂದ ಮೇಲೆ ಭಾರತಕ್ಕೆ ಕಳುಹಿಸುವುದು ಬಹುತೇಕ ಖಚಿತ, ಮರಳಿ ಹೋಗುವ ದಾರಿಯೂ ಮುಚ್ಚುತ್ತದೆ. 2010ರ ಪಡಿಯಾ ಪ್ರಕರಣವನ್ನು ಇಲ್ಲಿ ನೆನೆಯಬೇಕು. ಹೊಂಡುರಾಸ್ ಮೂಲದ ಖೋಸೆ ಪಡಿಯಾ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದ ಖಾಯಂ ನಿವಾಸಿ, ವಿಯೆಟ್ನಾಂ ಯುದ್ಧದಲ್ಲಿ ಆ ದೇಶದ ಸೈನಿಕ, ಕಸುಬಿನಲ್ಲಿ ಲಾರಿ ಚಾಲಕ. ಲಾರಿಯಲ್ಲಿ ಗಾಂಜಾ ಸಿಕ್ಕಿತು. ಇಷ್ಟು ವರ್ಷ ಇಲ್ಲೇ ಇದ್ದೀರಿ, ಗಡೀಪಾರಿನ ಚಿಂತೆ ಬೇಡ ಎಂದು ಅವನ ವಕೀಲ ಹೇಳಿದ್ದನ್ನು ನಂಬಿ ತಪ್ಪೊಪ್ಪಿಕೊಂಡ; ಆ ಒಪ್ಪಿಗೆಯಿಂದಲೇ ಗಡೀಪಾರು ಎದುರಾಯಿತು. ಇಂಥ ಪರಿಣಾಮವನ್ನು ತಿಳಿಸುವುದು ವಕೀಲನ ಸಾಂವಿಧಾನಿಕ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ ಆಗ ತೀರ್ಪಿತ್ತಿತು. ನಿಮ್ಮವರು ಸಹಿ ಹಾಕುವ ಮೊದಲು ವಲಸೆ ಕಾನೂನು ಬಲ್ಲ ಮತ್ತೊಬ್ಬ ವಕೀಲರ ಲಿಖಿತ ಅಭಿಪ್ರಾಯ ಪಡೆಯಲಿ. ಸಂಚಿನ ಆರೋಪ ಬಿಟ್ಟು ಬೇರೆ ಆರೋಪಕ್ಕೆ ಒಪ್ಪಂದ ಸಾಧ್ಯವೇ ಎಂಬ ಪ್ರಶ್ನೆ ಆಗಲೇ ಏಳಬೇಕು, ಆಮೇಲಲ್ಲ.

ಎಷ್ಟು ವರ್ಷ ಒಳಗಿರಬೇಕಾಗುತ್ತದೆ ಎಂಬುದಕ್ಕೂ ಇದು ತಳುಕು ಹಾಕಿಕೊಂಡಿದೆ. 1987ರ ನವೆಂಬರ್ 1ರ ನಂತರದ ಫೆಡರಲ್ ಅಪರಾಧಗಳಿಗೆ ಪೆರೋಲ್, ಅಂದರೆ ಅವಧಿಗೆ ಮುನ್ನ ಷರತ್ತಿನ ಮೇಲಿನ ಬಿಡುಗಡೆ, ಇಲ್ಲ. ಸನ್ನಡತೆಗೆ ವಿಧಿಸಿದ ಶಿಕ್ಷೆಯ ವರ್ಷಕ್ಕೆ 54 ದಿನದವರೆಗೆ ಕಡಿತ, ಅಂದರೆ ಹತ್ತು ವರ್ಷಕ್ಕೆ ಸುಮಾರು ಎಂಟೂವರೆ. ಫಸ್ಟ್ ಸ್ಟೆಪ್ ಕಾಯಿದೆಯಡಿ ತರಬೇತಿ ಕಾರ್ಯಕ್ರಮಗಳಲ್ಲಿ ಭಾಗವಹಿಸಿ ಇನ್ನಷ್ಟು ದಿನ ಗಳಿಸಬಹುದು, ಆದರೆ ಅಂತಿಮ ಗಡೀಪಾರು ಆದೇಶ ಆಗಿರುವವನು ಗಳಿಸಿದ ದಿನಗಳನ್ನು ಬಳಸುವಂತಿಲ್ಲ. ಒಂದೇ ಶಿಕ್ಷೆ ಪೌರನಿಗಿಂತ ವಿದೇಶಿಗೆ ಉದ್ದವಾಗುವುದು ಹೀಗೆ.

ಇಲ್ಲಿಂದ ನೀವೇನು ಮಾಡಬಹುದು ಎಂದು ಕೇಳಿದ್ದೀರಿ. ಜೈಲಿನ ಫೋನ್ ಕರೆಗಳು ದಾಖಲಾಗುತ್ತವೆ. ಕನ್ನಡದಲ್ಲಿ ಮಾತನಾಡಿದರೆ ಅವರಿಗೆ ತಿಳಿಯದು ಎಂದುಕೊಳ್ಳಬೇಡಿ. ಅನುವಾದಕರು ಸಿಗುತ್ತಾರೆ, ಮತ್ತು 'ಆ ಹಣದ ವಿಷಯ ಹೇಳಬೇಡ' ಎಂಬ ತಾಯಿಯ ಆತಂಕದ ಒಂದು ಸಾಲು ಇಂಗ್ಲಿಷಿನಲ್ಲಿ ಸಾಕ್ಷ್ಯ ನಾಶದ ಸಲಹೆಯಂತೆ ಓದಿಸಿಕೊಳ್ಳುತ್ತದೆ. ಆರೋಗ್ಯ, ಊಟ, ಮನೆಯ ವಿಚಾರ ಮಾತನಾಡಿ. ಕೇಸಿನ ವಿಚಾರ ವಕೀಲರ ಮೂಲಕವೇ ಇರಲಿ. ಸಹ ಆರೋಪಿಗಳನ್ನಾಗಲಿ ಅವರ ಮನೆಯವರನ್ನಾಗಲಿ ಸಂಪರ್ಕಿಸಬೇಡಿ. ಸಾಕ್ಷಿಯ ಮೇಲೆ ಪ್ರಭಾವ ಬೀರುವುದು ಅಲ್ಲಿ ಪ್ರತ್ಯೇಕ ಘೋರ ಅಪರಾಧ; ಹುಡುಗನ ಕೈ ಅದರಲ್ಲಿದೆ ಎನಿಸಿದರೆ ಅವನ ಲೆಕ್ಕಕ್ಕೆ ಎರಡು ಹಂತ ಏರಿ, ತಪ್ಪೊಪ್ಪಿಗೆಯ ರಿಯಾಯಿತಿಗೂ ಕುತ್ತು ಬರುತ್ತದೆ. ವಕೀಲರಿಗೆ ಹಣ ಹೊಂದಿಸಲಾಗದಿದ್ದರೆ ಮನೆ ಮಾರಲು ಹೊರಡುವ ಮೊದಲು, ನ್ಯಾಯಾಲಯ ನೇಮಿಸುವ ಫೆಡರಲ್ ರಕ್ಷಣಾ ವಕೀಲರ ಬಗ್ಗೆ ತಿಳಿದುಕೊಳ್ಳಿ. ನಮ್ಮಲ್ಲಿ ಉಚಿತ ವಕೀಲ ಎಂದರೆ ಇರುವ ತಾತ್ಸಾರ ಅಲ್ಲಿಗೆ ಸಲ್ಲದು. ಈ ಒಂದು ಕಾನೂನಿನಲ್ಲೇ ದಿನವಿಡೀ ಮುಳುಗಿರುವವರು ಅವರು, ರಾಜ್ಯದ ನ್ಯಾಯಾಲಯದಲ್ಲಷ್ಟೇ ಪಳಗಿದ ದುಬಾರಿ ವಕೀಲರಿಗಿಂತ ಹಲವು ಸಲ ಮೇಲು.

ಕೊನೆಯದಾಗಿ, ತಪ್ಪೊಪ್ಪಿಗೆ ಅಥವಾ ತೀರ್ಪಿನ ಬಳಿಕ ಪ್ರೊಬೇಷನ್ ಅಧಿಕಾರಿಯೊಬ್ಬರು ಶಿಕ್ಷೆ ಪೂರ್ವ ವರದಿ ಸಿದ್ಧಪಡಿಸುತ್ತಾರೆ. ಅವನ ಬಾಲ್ಯ, ಓದು, ಆರೋಗ್ಯ, ಮನೆಯ ಸ್ಥಿತಿ ಎಲ್ಲವೂ ಅದರಲ್ಲಿ ಸೇರುತ್ತದೆ; ಜೊತೆಗೆ ಅವನ ಪಾಲಿನ ತೂಕ ಎಷ್ಟು ಎಂಬ ಒಂದು ಪ್ಯಾರಾ ಇರುತ್ತದೆ. ವರದಿ ಶಿಕ್ಷೆಯ ದಿನಕ್ಕೆ ಕನಿಷ್ಠ 35 ದಿನ ಮೊದಲು ಕೈಸೇರಬೇಕು, ಆಕ್ಷೇಪಣೆ 14 ದಿನದೊಳಗೆ ಹೋಗಬೇಕು. ಆ ಪ್ಯಾರಾಕ್ಕೆ ಆಕ್ಷೇಪಣೆ ಹೋಗಿದೆಯೇ ಎಂದು ವಕೀಲರನ್ನು ಕೇಳಿ. ನೀವು, ಅವನ ಶಾಲೆಯ ಮೇಷ್ಟ್ರು, ಹಿಂದೆ ಕೆಲಸ ಕೊಟ್ಟವರು ನ್ಯಾಯಾಧೀಶರಿಗೆ ಪತ್ರ ಬರೆಯಬಹುದು. ಕನ್ನಡದಲ್ಲೇ ಬರೆದು ಇಂಗ್ಲಿಷ್ ಅನುವಾದ ಲಗತ್ತಿಸಿದರೂ ಆಗುತ್ತದೆ, ಆದರೆ ನೇರವಾಗಿ ನ್ಯಾಯಾಲಯಕ್ಕಲ್ಲ, ವಕೀಲರಿಗೆ ಕಳುಹಿಸಿ. 'ನಮ್ಮ ಹುಡುಗ ನಿರಪರಾಧಿ' ಎಂದು ಅದರಲ್ಲಿ ಬರೆಯಬೇಡಿ; ಅವನು ತಪ್ಪೊಪ್ಪಿಕೊಂಡ ಮೇಲೆ ಅಂಥ ಪತ್ರ ಅವನ ಪಶ್ಚಾತ್ತಾಪವನ್ನೇ ಅನುಮಾನಕ್ಕೀಡು ಮಾಡುತ್ತದೆ. ಅವನು ನಿಮಗೆ ಹೇಗೆ ಗೊತ್ತು, ಯಾರ ಕಷ್ಟಕ್ಕೆ ಯಾವಾಗ ನೆರವಾದ, ಊರಿಗೆ ಮರಳಿದರೆ ಅವನಿಗೆ ಎಲ್ಲಿ ಮನೆ, ಯಾವ ಕೆಲಸ ಕಾದಿದೆ ಎಂಬುದನ್ನು ನಡೆದ ಸಂಗತಿಗಳೊಂದಿಗೆ ಒಂದೇ ಪುಟದಲ್ಲಿ ಬರೆಯಿರಿ.